ಡ್ರಮ್ಮಿನೊಳಗಿಂದ ಬಂದ ಎರಡು ಪೆಟ್ಟು

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ಓದಿ ನಕ್ಕವಳು ನಾನು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ಬಾವಿಯ ಕಟ್ಟೆಯ ಮೇಲೆ ಬಿಳಿ ಸೀರೆ ಉಟ್ಟವಳನ್ನು ಕಂಡೆ ಎಂದರೆ, ಒಣಹಾಕಿದ ಧೋತರ ಇರಬೇಕು ನೋಡಿ ಎನ್ನುತ್ತಿದ್ದೆ. ನನ್ನ ಅನುಮಾನ ದೆವ್ವಗಳ ಮೇಲೆ ಮಾತ್ರ ಇದ್ದಿದ್ದರೆ ತೊಂದರೆ ಇರಲಿಲ್ಲ. ಅದು ಮನುಷ್ಯರ ಮೇಲೆ ಇನ್ನೂ ಹೆಚ್ಚಾಗಿತ್ತು. ಹಾಲಿನವನು ಅಳೆದು ಕೊಟ್ಟು ಹೋದ ಮೇಲೆ ಮತ್ತೊಮ್ಮೆ ಅಳೆಯುವುದು, ಬಾಗಿಲಿಗೆ ಬೀಗ ಹಾಕಿ ನಾಲ್ಕು ಸಲ ಜಗ್ಗಿ ನೋಡುವುದು, ಇಬ್ಬರು ನಗುತ್ತಾ ನಿಂತಿದ್ದರೆ ನನ್ನ ಬಗ್ಗೆಯೇ ನಗುತ್ತಿದ್ದಾರೆ ಎಂದು ಎಣಿಸುವುದು, ಇದೆಲ್ಲ ನನಗೆ ಚಿಕ್ಕಂದಿನಿಂದ ಬಂದ ಗುಣ. ನಮ್ಮವ್ವ ಬಂದವರ ಎದುರೇ, "ಈಕಿ ಹುಟ್ಟುವಾಗನ ಕೈಯಾಗ ತಕ್ಕಡಿ ಹಿಡಕೊಂಡು ಬಂದಾಳ" ಎನ್ನುತ್ತಿದ್ದಳು.

ಈಗ ಹೇಳಹೊರಟಿರುವುದು ರಾತ್ರಿ ನಡೆದದ್ದಲ್ಲ. ಅಮಾವಾಸ್ಯೆಯೂ ಆಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಬುಧವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಏಪ್ರಿಲ್ ತಿಂಗಳ ಬಿಸಿಲಲ್ಲಿ ನಡೆದದ್ದು. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನ ಎಂದರೆ ದೆವ್ವಗಳು ಕೂಡ ನೆರಳು ಹುಡುಕಿಕೊಂಡು ಮಲಗುವ ಹೊತ್ತು. ಹಾಗಾಗಿ ಭಯದ ವಾತಾವರಣ ಬೇಕೆನ್ನುವವರಿಗೆ ಇದು ರುಚಿಸಲಿಕ್ಕಿಲ್ಲ.

ಆಗ ನಾನು ಕಮಲಾಪುರದ ಹತ್ತಿರದ ಒಂದು ಸಣ್ಣ ಗೊಬ್ಬರದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಅದರ ಹೆಸರು ಬೇಡ, ಈಗ ಅದು ಬೇರೆಯವರ ಕೈಗೆ ಹೋಗಿದೆ. ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಮನೆಯೂ ಅಲ್ಲೇ, ಕುಸನೂರಿನಲ್ಲಿ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹುಮನಾಬಾದ ರಸ್ತೆಯ ಬಸ್ಸು ಹತ್ತಿದರೆ ಸಂಜೆ ಮೈಯೆಲ್ಲ ಗೊಬ್ಬರದ ವಾಸನೆ ಹೊತ್ತು ಇಳಿಯುತ್ತಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು. ಕಾರ್ಖಾನೆಯಲ್ಲಿ ನಾನೊಬ್ಬಳೇ ಹೆಂಗಸು. ಉಳಿದ ಹದಿನೈದಿಪ್ಪತ್ತು ಜನ ಗಂಡಸರು ಒಟ್ಟಿಗೆ ಬೇವಿನ ಗಿಡದ ಕೆಳಗೆ ಕೂತು ಉಣ್ಣುತ್ತಿದ್ದರು. ನಾನು ಲ್ಯಾಬಿನಲ್ಲಿ ಒಬ್ಬಳೇ ಉಣ್ಣುತ್ತಿದ್ದೆ. ಅಲ್ಲಿಂದ ಅವರ ನಗು ಕೇಳಿಸುತ್ತಿತ್ತು. ನನ್ನ ಗುಣಕ್ಕೆ ಅಷ್ಟು ಸಾಕಾಗಿತ್ತು.

ಅಲ್ಲಿ ಮಾಡುತ್ತಿದ್ದದ್ದು ಹರಳು ಗೊಬ್ಬರ. ಸಕ್ಕರೆ ಕಾರ್ಖಾನೆಯಿಂದ ಬಂದ ಕಬ್ಬಿನ ಮಡ್ಡಿಯನ್ನು ಕೊಳೆಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ರಂಜಕದ ಕಲ್ಲಿನ ಹಿಟ್ಟು, ಜಿಪ್ಸಂ, ಒಂದಿಷ್ಟು ಜೇಡಿ ಮಣ್ಣು ಸೇರಿಸುತ್ತಿದ್ದರು. ಪುಡಿಯನ್ನು ಹಾಗೇ ಹೊಲಕ್ಕೆ ಚೆಲ್ಲಿದರೆ ಗಾಳಿಗೆ ಹಾರಿಹೋಗುತ್ತದೆ. ಅದನ್ನು ಕಾಳು ಮಾಡಬೇಕು. ಅದಕ್ಕೇ ಡ್ರಮ್ಮು. ಇಪ್ಪತ್ತು ಅಡಿ ಉದ್ದದ, ಒಬ್ಬ ಆಳು ತುಸು ಬಗ್ಗಿ ನಡೆಯುವಷ್ಟು ಎತ್ತರದ ಕಬ್ಬಿಣದ ಕೊಳವೆಯನ್ನು ಸ್ವಲ್ಪ ಇಳಿಜಾರಾಗಿ ಮಲಗಿಸಿ ತಿರುಗಿಸುತ್ತಾರೆ. ಮೇಲಿನ ಬಾಯಿಯಿಂದ ಪುಡಿ ಬೀಳುತ್ತದೆ. ಒಳಗೆ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿದ ಅಂಟು ಪಾಕ, ಬೆರೆಸಿದ ಬಿಸಿನೀರು ಹನಿಹನಿಯಾಗಿ ಸಿಂಪಡಣೆಯಾಗುತ್ತದೆ. ಪುಡಿ ಒದ್ದೆಯಾಗಿ ಉರುಳುತ್ತಾ ಉರುಳುತ್ತಾ, ಒಂದರ ಮೇಲೊಂದು ಪದರು ಹತ್ತಿಸಿಕೊಂಡು ಸಾಸಿವೆಯಷ್ಟು, ಜೋಳದಷ್ಟು ಕಾಳಾಗಿ ಕೆಳಗಿನ ಬಾಯಿಯಿಂದ ಹೊರಗೆ ಬರುತ್ತದೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳ್ಳಿನ ಮೇಲೆ ಪಾಕ ಬಿಟ್ಟು ಕೈಯಾಡಿಸಿದಂತೆಯೇ ಇದು, ಕೈಯ ಬದಲು ಡ್ರಮ್ಮು ಆಡುತ್ತದೆ.

ಕೇಳಲು ಸುಲಭ. ಆದರೆ ನೀರು ಒಂದು ಲೋಟ ಹೆಚ್ಚಾದರೆ ಉಂಡೆ ಕಟ್ಟುತ್ತದೆ, ಕಡಿಮೆಯಾದರೆ ಪುಡಿ ಪುಡಿಯಾಗಿಯೇ ಹೊರಗೆ ಬರುತ್ತದೆ. ಹದ ತಪ್ಪಿದ ದಿನ ಒದ್ದೆ ಗೊಬ್ಬರ ಡ್ರಮ್ಮಿನ ಗೋಡೆಗೆ ಹಕ್ಕಳೆಯಾಗಿ ಅಂಟಿಕೊಳ್ಳುತ್ತದೆ. ಹೊರಗಿನಿಂದ ಕಟ್ಟಿಗೆಯ ಕೊಡತಿಯಿಂದ ಬಡಿದರೆ ಸ್ವಲ್ಪ ಉದುರುತ್ತದೆ. ಹಾಗೂ ಬಿಡದಿದ್ದರೆ ಯಾರಾದರೂ ಒಳಗೆ ಇಳಿದು ಕಬ್ಬಿಣದ ಪಟ್ಟಿಯಿಂದ ಕೆರೆಯಬೇಕು.

ಡ್ರಮ್ಮು ನಡೆಸುತ್ತಿದ್ದವರು ಶರಣಪ್ಪ, ಕಮಲಾಪುರದವರೇ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಲೆಕ್ಕವೆಲ್ಲ ಕಿವಿಯಲ್ಲಿ. ಡ್ರಮ್ಮಿನ ಪಕ್ಕ ಕಣ್ಣು ಮುಚ್ಚಿ ನಿಂತು, "ಈಗ ಸರಸರ ಅನ್ನಾಕತ್ತದ, ನೀರ ಸಾಕು" ಎನ್ನುತ್ತಿದ್ದರು. ನಾನು ಮಾದರಿ ತಂದು, ಒಣಗಿಸಿ, ತೂಗಿ, ಜರಡಿ ಹಿಡಿದು ಅರ್ಧ ತಾಸಿನ ಮೇಲೆ ಹೇಳುತ್ತಿದ್ದದ್ದೂ ಅದೇ ಮಾತು. ಅದೇ ನನಗೆ ಸಹಿಸುತ್ತಿರಲಿಲ್ಲ. ಓದಿದವಳಿಗೆ ಅರ್ಧ ತಾಸು ಬೇಕಾದದ್ದು ಈ ಮನುಷ್ಯನಿಗೆ ಕಣ್ಣು ಮುಚ್ಚಿದರೆ ಹೇಗೆ ಗೊತ್ತಾಗುತ್ತದೆ? ಏನೋ ಕೈಚಳಕ ಇರಬೇಕು ಎಂದುಕೊಂಡೆ.

ಇನ್ನೊಬ್ಬರು ಮಸ್ತಾನ್ ಚಾಚಾ. ಕಾರ್ಖಾನೆಯ ಫಿಟ್ಟರು, ಎಲ್ಲರಿಗಿಂತ ಹಿರಿಯರು. ಹಿಂದೆ ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ, ಒಳಗೆ ಕೆರೆಯುತ್ತಿದ್ದವನನ್ನು ಮರೆತು ಡ್ರಮ್ಮು ಚಾಲೂ ಮಾಡಿದ್ದನ್ನು ಕಣ್ಣಾರೆ ಕಂಡವರು. ಅದರ ಬಗ್ಗೆ ಅವರು ಹೆಚ್ಚು ಹೇಳುತ್ತಿರಲಿಲ್ಲ. ನಮ್ಮಲ್ಲಿ ಎರಡು ಕಾಯ್ದೆ ಹಾಕಿದ್ದರು, ಅಷ್ಟೆ. ಒಂದು, ಒಳಗೆ ಇಳಿಯುವವನು ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತನ್ನ ಮೈಮೇಲೇ ಇಟ್ಟುಕೊಳ್ಳಬೇಕು. ಆ ಬೀಗದ ಜೊತೆ ಬಂದ ಎರಡನೇ ಕೀಲಿಯನ್ನು ಚಾಚಾ ಎಲ್ಲರ ಎದುರು ಪಕ್ಕದ ಹೊಲದ ಬಾವಿಗೆ ಎಸೆದಿದ್ದರಂತೆ. ಎರಡು, ಬೀಗ ಇರಲಿ ಬಿಡಲಿ, ಡ್ರಮ್ಮು ಚಾಲೂ ಮಾಡುವ ಮುಂಚೆ ಹೊರಗಿನವನು ಕೊಡತಿಯಿಂದ ಮೂರು ಪೆಟ್ಟು ಬಡಿಯಬೇಕು. ಒಳಗೆ ಯಾರಾದರೂ ಇದ್ದರೆ ಅವರು ಎರಡು ಪೆಟ್ಟು ಬಡಿದು ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಬಗ್ಗಿ ನೋಡಿ, ಆಮೇಲೆ ಚಾಲೂ.

ನಾನು ಸೇರಿದ ಹೊಸತರಲ್ಲಿ ಚಾಚಾಗೆ ಕೇಳಿದ್ದೆ, ಬೀಗ ಇದ್ದ ಮೇಲೆ ಈ ಮೂರು ಎರಡರ ಆಟ ಯಾಕೆ ಎಂದು. ಅವರು ಬೀಡಿ ಆರಿಸಿ ಹೇಳಿದರು, "ಬೇಟಿ, ಬೀಗ ಮನುಷ್ಯಾ ಹಾಕ್ತಾನ, ಮನುಷ್ಯಾನ ತೆಗೀತಾನ. ಡ್ರಮ್ಮಿಗಿ ಕಣ್ಣಿಲ್ಲ. ಕೇಳಿ ಚಾಲೂ ಮಾಡೋದು ಅದಬ್, ಮರ್ಯಾದಿ." ಮುದುಕರ ಮಾತು ಎಂದು ನಾನು ಒಳಗೊಳಗೇ ನಕ್ಕೆ.

ಶರಣಪ್ಪನವರ ಮೇಲೆ ನನ್ನ ಅನುಮಾನ ಹೇಗೆ ಬೆಳೆಯಿತು ಎಂದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅದು ಕೂಡ ಪದರು ಪದರಾಗಿಯೇ ಬೆಳೆಯಿತು. ಮೊದಲು, ಬೇಸಿಗೆಯಲ್ಲಿ ಒಂದೆರಡು ವಾರ ಮಾಲಿನ ಹದ ಕೆಟ್ಟಿತು. ನೀರು ಬೇಕೆಂದೇ ಹೆಚ್ಚು ಬಿಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಎರಡು ಮಧ್ಯಾಹ್ನ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬಿದ್ದಿತ್ತು, ಶರಣಪ್ಪ ಎಲ್ಲೂ ಕಾಣಲಿಲ್ಲ. ಅರ್ಧ ತಾಸಿನ ನಂತರ ಎಲ್ಲಿಂದಲೋ ಬಂದರು. ಕೆಲಸ ನಿಲ್ಲಿಸಲು ಬೀಗ ಹಾಕಿ ತಿರುಗಾಡಲು ಹೋಗುತ್ತಾರೆ ಎಂದುಕೊಂಡೆ. ಆಮೇಲೆ ಒಂದು ಸಂಜೆ ಕಮಲಾಪುರದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ನಮ್ಮಂಥದ್ದೇ ಗೊಬ್ಬರ ಮಾಡುವ ಮತ್ತೊಂದು ಕಾರ್ಖಾನೆಯ ಮೇಸ್ತ್ರಿಯ ಜೊತೆ ತಲೆಗೆ ತಲೆ ಕೊಟ್ಟು ಮಾತಾಡುತ್ತಾ ಕೂತಿದ್ದರು. ನನ್ನನ್ನು ಕಂಡವರೇ ಸುಮ್ಮನಾದರು. ಅಲ್ಲಿಗೆ ನನ್ನ ಕತೆ ಪೂರ್ತಿಯಾಯಿತು. ನಮ್ಮ ಮಾಲು ಕೆಡಿಸಲು ಆ ಕಡೆಯವರು ಇವರನ್ನು ಹಿಡಿದಿದ್ದಾರೆ.

ಅದಾಗಿ ಎರಡು ದಿನಕ್ಕೆ ಶರಣಪ್ಪ ಲ್ಯಾಬಿಗೆ ಬಂದು ಟೇಬಲ್ಲಿನ ಮೇಲೆ ಒಂದು ಡಜನ್ ಕೆಂಪು ಬಾಳೆಹಣ್ಣು ಇಟ್ಟರು. ಕಮಲಾಪುರದ ಕೆಂಪು ಬಾಳೆ ಎಂದರೆ ಯಾರೂ ಬೇಡ ಎನ್ನುವ ಹಣ್ಣಲ್ಲ. "ಮನ್ಯಾಗಿನ ಗಿಡದ್ದು ಮೇಡಂ, ತಗೋರಿ" ಎಂದರು. ನಾನು ತಲೆ ಎತ್ತದೆ, "ಇದೆಲ್ಲ ನನ್ನ ಹತ್ತಿರ ನಡೆಯೋದಿಲ್ಲ, ತಗೊಂಡು ಹೋಗಿ" ಎಂದೆ. ಅವರು ಹಣ್ಣನ್ನು ಎದೆಗೆ ಒತ್ತಿಕೊಂಡು ಹೊರಗೆ ಹೋದರು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತು. ಏನಾದರೂ ಹೇಳಬೇಕಾದರೆ ಚೀಟಿ ಬರೆದು ಕಳಿಸುತ್ತಿದ್ದೆ, ಓದಲು ಬಾರದ ಅವರಿಗೆ ಬೇರೆ ಯಾರಾದರೂ ಓದಿ ಹೇಳಬೇಕಾಗುತ್ತಿತ್ತು.

ಇನ್ನು ನಾನು ಮಾಡಿದ ಕೆಲಸ ಹೇಳಬೇಕು. ಒಂದು ಶನಿವಾರ ಶರಣಪ್ಪ ರಜೆ ಹಾಕಿದ್ದರು, ಕೀಲಿಯನ್ನು ನನ್ನ ಸುಪರ್ದಿಗೆ ಬಿಟ್ಟಿದ್ದರು. ಸಂಜೆ ಕಲಬುರಗಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ನೆಹರು ಗಂಜಿನಲ್ಲಿ ಬೇಳೆ ಅಂಗಡಿಗಳ ಸಾಲಿನ ಕೊನೆಗೆ ಕೀಲಿ ಮಾಡುವವನೊಬ್ಬ ಕೊಡೆ ಬಿಚ್ಚಿಕೊಂಡು ಕೂರುತ್ತಿದ್ದ. ಅವನ ಹತ್ತಿರ ಅಂಥದ್ದೇ ಇನ್ನೊಂದು ಕೀಲಿ ಮಾಡಿಸಿದೆ. ಯಾರಿಗೂ ಹೇಳಲಿಲ್ಲ. ಮುಂದಿನ ಸಲ ಬೀಗ ಹಾಕಿ ಮಾಯವಾದರೆ ನಾನೇ ತೆರೆದು ಚಾಲೂ ಮಾಡಿ, ಮಾಲಕರಿಗೆ ತೋರಿಸಿ, ಈ ಮನುಷ್ಯನ ಬಣ್ಣ ಬಯಲು ಮಾಡುತ್ತೇನೆ ಎಂಬುದು ನನ್ನ ಹಂಚಿಕೆ. ಕೀಲಿಯನ್ನು ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಆ ಬುಧವಾರ ಬಂತು. ಬೆಳಿಗ್ಗೆಯೇ ಮಾಲು ಉಂಡೆ ಕಟ್ಟುತ್ತಿತ್ತು. ಊಟಕ್ಕೆ ಮುಂಚೆ, "ಡ್ರಮ್ಮಿನ ಒಳಗೆ ಹಕ್ಕಳೆ ಕಟ್ಟಿದೆ, ನಿಮ್ಮ ಅಜಾಗರೂಕತೆ" ಎಂದು ಚೀಟಿ ಕಳಿಸಿದ್ದೆ. ಮಸ್ತಾನ್ ಚಾಚಾ ಬೇರಿಂಗ್ ತರಲು ಕಲಬುರಗಿಗೆ ಹೋಗಿದ್ದರು. ಲಾರಿ ಬಂದು ನಿಂತಿತ್ತು. ಒಂದೂವರೆ ಸುಮಾರಿಗೆ ಮಾಲಕರ ಫೋನು ಬಂತು, ನಾಲ್ಕರ ಒಳಗೆ ಲಾರಿ ಹೊರಡಲೇಬೇಕು ಎಂದು. ಕಾಕಂಬಿ ನೀರು ಕಾದು ತಯಾರಿತ್ತು, ತಣ್ಣಗಾದರೆ ಅಂಟಾಗಿ ನಳಿಗೆ ಕಟ್ಟಿಕೊಳ್ಳುತ್ತದೆ. ನಾನು ಲ್ಯಾಬಿನಿಂದ ಎದ್ದು ಶೆಡ್ಡಿಗೆ ಹೋದೆ.

ಶೆಡ್ಡು ಖಾಲಿ. ಎಲ್ಲ ಮಷೀನು ಬಂದ್ ಆಗಿ ಗವ್ ಎನ್ನುವ ನಿಶ್ಶಬ್ದ. ಜನರೆಲ್ಲ ದೂರದ ಬೇವಿನ ಗಿಡದ ಕೆಳಗೆ ಉಣ್ಣುತ್ತಿದ್ದರು. ಅವರ ಗುಂಪಿನಲ್ಲಿ ಶರಣಪ್ಪ ಇರಲಿಲ್ಲ. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬಿದ್ದಿತ್ತು.

ಸತ್ಯ ಹೇಳಬೇಕೆಂದರೆ ನನಗೆ ಆಗ ಸಿಟ್ಟು ಬರಲಿಲ್ಲ, ಸಂತೋಷವಾಯಿತು. ಸಿಕ್ಕಿಬಿದ್ದರು ಎನಿಸಿತು. ಬ್ಯಾಗಿನಿಂದ ಕೀಲಿ ತೆಗೆದೆ. ಒಮ್ಮೆಗೇ ತಿರುಗಿತು. ಬೀಗವನ್ನು ಕೊಂಡಿಗೆ ಸಿಕ್ಕಿಸಿ, ಬಾಗಿಲು ತೆರೆದು, ಸ್ವಿಚ್ಚಿನ ಹಿಡಿಕೆಯ ಮೇಲೆ ಬಲಗೈ ಇಟ್ಟೆ. ಮೂರು ಪೆಟ್ಟು ಬಡಿಯುವ ವಿಚಾರ ನನ್ನ ತಲೆಯಲ್ಲಿ ಸುಳಿಯಲೂ ಇಲ್ಲ. ಒಳಗೆ ಯಾರಾದರೂ ಇರಬಹುದು ಎಂದೂ ಅನಿಸಲಿಲ್ಲ. ಬೀಗ ಹಾಕಿ ಓಡಿಹೋಗುವ ಮನುಷ್ಯ ಎಂದು ತೀರ್ಮಾನಿಸಿ ಎಷ್ಟೋ ದಿನವಾಗಿತ್ತಲ್ಲ.

ಆಗ ಡ್ರಮ್ಮಿನ ಒಳಗಿಂದ ಎರಡು ಪೆಟ್ಟು ಕೇಳಿಸಿತು. ಠಣ್, ಠಣ್. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸ್ಪಷ್ಟವಾದ ಸಪ್ಪಳ.

ಕೈ ಅಲ್ಲೇ ನಿಂತಿತು. ಯಾರೋ ಹೆದರಿಸಲು ಆಟ ಕಟ್ಟಿದ್ದಾರೆ ಎಂಬುದೇ ನನಗೆ ಮೊದಲು ಹೊಳೆದದ್ದು. ಸುತ್ತ ನೋಡಿದೆ, ಯಾರೂ ಇಲ್ಲ. ಆಮೇಲೆ ನಿಧಾನವಾಗಿ ತಲೆಗೆ ಹೋಯಿತು. ಎರಡು ಪೆಟ್ಟು ಎಂದರೆ ಅದು ಉತ್ತರ. ಒಳಗೆ ಮನುಷ್ಯ ಇದ್ದಾನೆ.

ಹಿಡಿಕೆಯಿಂದ ಕೈ ತೆಗೆದು, ಹತ್ತು ಹೆಜ್ಜೆ ನಡೆದು, ಡ್ರಮ್ಮಿನ ಬಾಯಿಗೆ ಬಗ್ಗಿ ಮೊಬೈಲಿನ ಬೆಳಕು ಬಿಟ್ಟೆ. ಆ ತುದಿಯಲ್ಲಿ ಶರಣಪ್ಪ ಗೋಡೆಗೆ ಒರಗಿ ಕೂತಿದ್ದರು. ಮೈಮೇಲೆ ಅಂಗಿ ಇರಲಿಲ್ಲ. ಕಿವಿ ಮುಚ್ಚುವಂತೆ ಬಾಯಿಗೆ ವಸ್ತ್ರ ಸುತ್ತಿಕೊಂಡಿದ್ದರು. ಮೈಯೆಲ್ಲ ಗೊಬ್ಬರದ ಬಣ್ಣ. ಕೀಲಿ ಅವರ ಉಡದಾರಕ್ಕೆ ಕಟ್ಟಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ, "ಬಂದೆ ಮೇಡಂ, ಬಡದದ್ದು ಕೇಳಿಸ್ತು. ಉಸರ ಹತ್ತಿತ್ತು, ಸ್ವಲ್ಪ ಕುಂತಿದ್ದೆ. ಇನ್ನ ಒಂದೀಟು ಹಕ್ಕಳಿ ಉಳದದ, ಹತ್ತ ಮಿನಿಟ ಕೊಡ್ರಿ" ಎಂದರು.

ನಾನು ಏನು ಮಾಡಿದೆ ಗೊತ್ತೇ? ಕುಸಿದು ಕೂರಲಿಲ್ಲ, ಅಳಲಿಲ್ಲ. ಓಡಿಹೋಗಿ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲು ಮುಚ್ಚಿ, ಬೀಗ ಒತ್ತಿ, ಕೀಲಿಯನ್ನು ಬ್ಯಾಗಿನ ಒಳಜೇಬಿಗೆ ಸೇರಿಸಿದೆ. ಒಬ್ಬ ಮನುಷ್ಯನನ್ನು ರುಬ್ಬಿಹಾಕುವುದು ಗೇಣಿನಲ್ಲಿ ತಪ್ಪಿತ್ತು, ನಾನು ಮಾಡಿದ ಮೊದಲ ಕೆಲಸ ಗುರುತು ಅಳಿಸುವುದು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಶರಣಪ್ಪ ಹೊರಗೆ ಬಂದು ಒಂದು ಕೊಡ ನೀರು ಮೈಮೇಲೆ ಸುರಿದುಕೊಂಡು ಬೇವಿನ ಗಿಡದ ಕಡೆ ಹೋದರು. ಅವರು ಅಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಹೊರಗ ಆಳ ನಿಲ್ಲಸಲಾರದ ಇಳದದ್ದು ನಂದ ತಪ್ಪು. ಮೇಡಂ ಬೈತಾರ ಅಂತ ಊಟದ ಹೊತ್ತಿನ್ಯಾಗ ಇಳದಿದ್ದೆ. ಆದ್ರ ಮೇಡಂ ಕಾಯ್ದೆ ಬಿಡಲಿಲ್ಲ ನೋಡ್ರಿ. ಬೀಗ ಇದ್ರೂ ಮೂರು ಬಡದು ಕೇಳಿದ್ರು."

ಮೂರು ಬಡಿದು ಕೇಳಿದರು. ಲ್ಯಾಬಿನ ಬಾಗಿಲಲ್ಲಿ ನಿಂತು ಆ ಮಾತನ್ನು ಮತ್ತೊಮ್ಮೆ ಅಳೆದು ನೋಡಿದೆ. ಅವರು ಬಡಿದದ್ದು ಉತ್ತರ. ಪ್ರಶ್ನೆ ಕೇಳಿದವರು ಯಾರು?

ಸಂಜೆ ಚಾಚಾ ಬಂದು ಸುದ್ದಿ ಕೇಳಿ ನನ್ನ ತಲೆಯ ಮೇಲೆ ಕೈಯಿಟ್ಟರು. "ಶಾಬಾಶ್ ಬೇಟಿ. ಹೀಂಗs ಇರಬೇಕು" ಎಂದರು. ಮುಂದಿನ ವಾರದಿಂದ ಗಿಡದ ಕೆಳಗೆ ನನಗೂ ಒಂದು ಜಾಗ ಸಿಕ್ಕಿತು. ನಾನು ಹೋಗಿ ಕೂತೆ. ಅವರು ತಮ್ಮ ರೊಟ್ಟಿ, ಶೇಂಗಾ ಹಿಂಡಿ ನನ್ನ ಡಬ್ಬಿಗೆ ಹಾಕುತ್ತಿದ್ದರು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಓದುವ ನೀವು ಈಗ ಏನು ಯೋಚಿಸುತ್ತೀರೋ ಅದನ್ನೆಲ್ಲ ನಾನು ಆಗಲೇ ಯೋಚಿಸಿದ್ದೇನೆ. ಅನುಮಾನ ನನ್ನ ಕಸುಬು. ಅದೇ ದಿನ ಎಲ್ಲರೂ ಹೋದ ಮೇಲೆ ಶೆಡ್ಡಿನ ನೆಲ ನೋಡಿದೆ. ಮಧ್ಯಾಹ್ನವೇ ಡ್ರಮ್ಮು ಚಾಲೂ ಆಗಿ ಮುಂಬದಿಯಲ್ಲಿ ಎಲ್ಲ ಓಡಾಡಿದ್ದರು. ಆದರೆ ಡ್ರಮ್ಮಿನ ಹಿಂಬದಿ, ಗೋಡೆಯ ಕಡೆ, ಯಾರೂ ಹೋಗುವುದಿಲ್ಲ. ಅಲ್ಲಿ ಹಿಟ್ಟಿನಂಥ ಪುಡಿ ಒಂದು ಪದರು ಹಾಸಿರುತ್ತದೆ. ಅದರ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಮುಂಬದಿಯಿಂದ ಬಡಿದಿದ್ದರೆ ಬಡಿದವರು ನನ್ನ ಕಣ್ಣೆದುರೇ ನಿಂತಿರಬೇಕಿತ್ತು.

ಕೊಡತಿಯನ್ನು ಹುಡುಕಿದೆ. ಅದು ತನ್ನ ಮೊಳೆಯಲ್ಲಿ ಇರಲಿಲ್ಲ. ಮರುದಿನ ವಿಚಾರಿಸಿದರೆ, ಲಾರಿ ಡ್ರೈವರ್ ಆ ಬೆಳಿಗ್ಗೆಯೇ ಹಿಂದಿನ ಬಾಗಿಲಿನ ಪಿನ್ನು ಬಡಿಯಲು ಒಯ್ದಿದ್ದನಂತೆ. ಮಧ್ಯಾಹ್ನವೆಲ್ಲ ಅದು ಲಾರಿಯ ಗಾಲಿಯ ಕೆಳಗೆ ಅಡ್ಡವಾಗಿತ್ತು, ಡ್ರೈವರ್ ಅದರ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದುದನ್ನು ನಾಲ್ಕು ಜನ ನೋಡಿದ್ದರು.

ಬಿಸಿಲಿಗೆ ತಗಡು ಹಿಗ್ಗಿ ಸಪ್ಪಳ ಮಾಡಿರಬಹುದು ಎಂದುಕೊಂಡು, ಮೂರು ದಿನ ಅದೇ ಹೊತ್ತಿಗೆ ಶೆಡ್ಡಿನಲ್ಲಿ ಒಬ್ಬಳೇ ಕೂತು ಕಿವಿಗೊಟ್ಟೆ. ತಗಡು ಸಪ್ಪಳ ಮಾಡುತ್ತದೆ, ನಿಜ. ಒಮ್ಮೆ ಪಟ್ ಎಂದರೆ ಆಮೇಲೆ ಎಷ್ಟೋ ಹೊತ್ತಿಗೆ ಇನ್ನೊಮ್ಮೆ. ನಾಲ್ಕನೆಯ ದಿನ ಶರಣಪ್ಪನವರನ್ನೇ ಕೇಳಿದೆ. ತಿಂಗಳ ನಂತರ ನಾನು ಅವರೊಡನೆ ಆಡಿದ ಮೊದಲ ಮಾತು ಅದು. "ಅವತ್ತು ಪೆಟ್ಟು ಹೇಗೆ ಕೇಳಿಸಿತು?"

"ಹ್ಯಾಂಗ ಅಂದ್ರ? ಕೊಡತಿ ಸಪ್ಪಳ ರೀ. ಕಟ್ಟಿಗಿ ಸಪ್ಪಳ ಬ್ಯಾರೆ ಇರ್ತದಲ್ಲ. ಒಂದs ಅಳತಿ ಮ್ಯಾಲ ಮೂರು. ನನ್ನ ಬೆನ್ನ ಹಿಂದನ ಬಡದಂಗ ಆಯ್ತು. ಜಂಪ ಹತ್ತಿತ್ತು, ಎಚ್ಚರಾತು."

ನೀರಿನ ಹದವನ್ನು ಸಪ್ಪಳದಲ್ಲೇ ಹಿಡಿಯುವ ಕಿವಿ ಅದು. ತಗಡಿಗೂ ಕಟ್ಟಿಗೆಗೂ ವ್ಯತ್ಯಾಸ ತಿಳಿಯದ ಕಿವಿಯಲ್ಲ. ಡ್ರಮ್ಮಿಗೆ ಹತ್ತು ಹೆಜ್ಜೆ ದೂರದಲ್ಲಿ, ಆ ನಿಶ್ಶಬ್ದದಲ್ಲಿ ನಿಂತಿದ್ದ ನನಗೆ ಅವರ ಎರಡು ಪೆಟ್ಟು ಕೇಳಿಸಿದವು. ಅದಕ್ಕೆ ಮುಂಚಿನ ಮೂರು ಕೇಳಿಸಲೇ ಇಲ್ಲ.

ಆಮೇಲೆ ನನ್ನ ಹಳೆಯ ಗುಣ ತಿರುಗಿ ಅವರ ಮೇಲೇ ಬಿತ್ತು. ಈ ಮನುಷ್ಯ ಒಳಗಿಂದ ನನ್ನನ್ನು ನೋಡಿದ್ದಾರೆ, ಕೀಲಿಯ ವಿಷಯ ಗೊತ್ತಾಗಿದೆ, ನನ್ನ ಮಾನ ಉಳಿಸಲು ಅಥವಾ ನನ್ನನ್ನು ಜೀವನಪೂರ್ತಿ ಹಂಗಿನಲ್ಲಿಡಲು ಈ ಮೂರು ಪೆಟ್ಟನ್ನು ಹುಟ್ಟಿಸಿದ್ದಾರೆ. ನಾನೇ ಒಂದು ದಿನ ಡ್ರಮ್ಮಿನೊಳಗೆ ಇಳಿದು ಅವರು ಕೂತಿದ್ದ ಜಾಗದಲ್ಲಿ ಕೂತು ನೋಡಿದೆ. ಅಲ್ಲಿಂದ ಸ್ವಿಚ್ಚಿನ ಪೆಟ್ಟಿಗೆ ಕಾಣುವುದಿಲ್ಲ. ಒಂದು ತುಂಡು ಗೋಡೆ ಕಾಣುತ್ತದೆ, ಅಷ್ಟೆ. ಕಂಡಿದ್ದರೂ, ಸಾಯುವವನು ಕೂಗುತ್ತಾನೆಯೇ ಹೊರತು ಎರಡು ಪೆಟ್ಟು ಬಡಿದು ಸುಮ್ಮನೆ ಕೂರುತ್ತಾನೆಯೇ? ಕೊನೆಗೆ ನನ್ನ ಮೇಲೆ ನನಗೇ ಅನುಮಾನ ಬಂತು. ನಾನೇ ಬಡಿದು ಮರೆತೆನೇ? ಯಾವುದರಿಂದ ಬಡಿಯಲಿ? ಬಲಗೈ ಹಿಡಿಕೆಯ ಮೇಲಿತ್ತು, ಎಡಗೈಯಲ್ಲಿ ಕಳ್ಳ ಕೀಲಿ ಇತ್ತು.

ಉಳಿದ ಅನುಮಾನಗಳು ಒಂದೊಂದಾಗಿ ಸುಳ್ಳಾದವು. ಬೀಗ ಹಾಕಿ ಮಾಯವಾದ ಆ ಎರಡು ಮಧ್ಯಾಹ್ನವೂ ಅವರು ಡ್ರಮ್ಮಿನ ಒಳಗೇ ಇದ್ದರು, ನನ್ನ ಬೈಗುಳಕ್ಕೆ ಹೆದರಿ ಕದ್ದು ಕೆರೆಯುತ್ತಿದ್ದರು. ಹದ ಕೆಟ್ಟದ್ದು ಮಡ್ಡಿ ಸರಿಯಾಗಿ ಒಣಗದೆ ಬಂದದ್ದರಿಂದ, ಅದನ್ನು ಹಿಡಿಯಬೇಕಾದವಳು ನಾನು. ಆ ಮೇಸ್ತ್ರಿಯ ಮಗನಿಗೆ ಶರಣಪ್ಪ ತಮ್ಮ ಮಗಳನ್ನು ಕೊಡುವ ಮಾತುಕತೆ ನಡೆದಿತ್ತು. ಕೆಂಪು ಬಾಳೆಹಣ್ಣು ತಂದದ್ದು ಸಂಬಂಧ ಗಟ್ಟಿಯಾದ ದಿನ.

ಒಂದೆರಡು ವರ್ಷಕ್ಕೆ ಆ ಕೆಲಸ ಬಿಟ್ಟು ಕಲಬುರಗಿಯಲ್ಲೇ ಒಂದು ಲ್ಯಾಬಿಗೆ ಸೇರಿದೆ. ಚಾಚಾ ಈಗ ಇಲ್ಲ. ಕೀಲಿ ನನ್ನ ಟ್ರಂಕಿನ ತಳದಲ್ಲಿತ್ತು. ಎಸೆಯಬೇಕೆಂದು ಎಷ್ಟೋ ಸಲ ತೆಗೆದಿದ್ದೇನೆ, ಕೈ ಬರಲಿಲ್ಲ.

ಹೋದ ವರ್ಷ ಶರಣಪ್ಪನವರ ಫೋನು ಬಂತು. ಮೊಮ್ಮಗಳ ತೊಟ್ಟಿಲ ಕಾರ್ಯ, ಬರಲೇಬೇಕು ಎಂದರು. ಕಮಲಾಪುರಕ್ಕೆ ಹೋದೆ. ಬ್ಯಾಗಿನಲ್ಲಿ ಕೀಲಿ ಇಟ್ಟುಕೊಂಡೇ ಹೋದೆ, ಯಾಕೆಂದು ನನಗೂ ಸ್ಪಷ್ಟವಿರಲಿಲ್ಲ. ಶರಣಪ್ಪ ಮುದುಕರಾಗಿದ್ದರು, ಕಿವಿ ಮಾತ್ರ ಚುರುಕಾಗಿಯೇ ಇತ್ತು. ಬಂದ ಬೀಗರಿಗೆಲ್ಲ ನನ್ನನ್ನು ತೋರಿಸಿ, "ಇವರs ನೋಡ್ರಿ ಮೂರು ಬಡದವರು. ಇವರು ಬಡೀಲಿಲ್ಲ ಅಂದ್ರ ಈ ಕೂಸಿನ ತೊಟ್ಟಿಲ ನಾ ಎಲ್ಲಿ ನೋಡ್ತಿದ್ದೆ" ಎಂದರು. ಮಗಳು ಬಗ್ಗಿ ನನ್ನ ಕಾಲು ಮುಟ್ಟಿದಳು.

ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಊಟವಾದ ಮೇಲೆ ಹಿತ್ತಲಿನಲ್ಲಿ ಬಾಳೆಯ ಗಿಡಗಳ ಹತ್ತಿರ ನಾವಿಬ್ಬರೇ ಇದ್ದಾಗ ಕೀಲಿ ತೆಗೆದು ಅವರ ಅಂಗೈಯಲ್ಲಿ ಇಟ್ಟೆ. ಎಲ್ಲ ಹೇಳಿದೆ. ಗಂಜಿನಲ್ಲಿ ಮಾಡಿಸಿದ್ದು, ಬೀಗ ತೆರೆದದ್ದು, ಹಿಡಿಕೆಯ ಮೇಲೆ ಕೈ ಇಟ್ಟದ್ದು. ಬೈಯಲಿ, ಹೊರಗೆ ಹಾಕಲಿ ಎಂದು ಸಿದ್ಧವಾಗಿದ್ದೆ.

ಅವರು ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಿಟ್ಟು ಬಂದಂತೆ ಕಾಣಲಿಲ್ಲ. ಆಮೇಲೆ ಕೇಳಿದರು, "ಹಂಗಾದ್ರ ನೀವು ಬಡೀಲಿಲ್ಲೇನ್ರೀ?"

"ಇಲ್ಲ."

"ಖರೇ?"

"ಖರೆ. ಬಡಿದದ್ದು ನಾನಲ್ಲ."

ಅವರ ಮುಖ ಬಿಳಚಿಕೊಂಡದ್ದನ್ನು ನಾನು ನೋಡಿದೆ. ನಾನು ಅವರನ್ನು ಕೊಲ್ಲುವುದರಲ್ಲಿದ್ದೆ ಎಂಬುದು ಆ ಮನುಷ್ಯನನ್ನು ಅಲ್ಲಾಡಿಸಿರಲಿಲ್ಲ, ಈ ಮಾತು ಅಲ್ಲಾಡಿಸಿತು. ಇಷ್ಟು ವರ್ಷ ಅವರ ಮಟ್ಟಿಗೆ ಅಲ್ಲಿ ಯಾವ ವಿಚಿತ್ರವೂ ನಡೆದಿರಲಿಲ್ಲ. ಒಬ್ಬ ಹೆಣ್ಣುಮಗಳು ಕಾಯ್ದೆಯಂತೆ ಮೂರು ಬಡಿದಳು, ಅವರು ಎರಡು ಬಡಿದರು, ಅಷ್ಟೇ ಆಗಿತ್ತು. ನನ್ನ ಭಾರ ಇಳಿಸಿಕೊಳ್ಳಲು ಹೋಗಿ ನಾನು ಅವರ ಆ ನೆಮ್ಮದಿಯನ್ನು ಕಿತ್ತುಕೊಂಡೆ. ಅವರು ಒಮ್ಮೆ ತಮ್ಮ ಬೆನ್ನ ಹಿಂದೆ ತಿರುಗಿ ನೋಡಿದರು. ಹಿಂದೆ ಬಾಳೆಯ ಗಿಡ ಬಿಟ್ಟರೆ ಏನೂ ಇರಲಿಲ್ಲ. "ಚಾ ಕುಡದು ಹೋಗ್ರಿ ಮೇಡಂ" ಎಂದು ಒಳಗೆ ನಡೆದರು.

ಮರುದಿನ ಬೆಳಿಗ್ಗೆ ಅವರ ಫೋನು ಬಂತು.

"ನಿನ್ನಿ ನಿದ್ದಿ ಹತ್ಲಿಲ್ರಿ" ಎಂದರು. "ಕೀಲಿ ಬಾವಿಗಿ ಒಗದೀನಿ, ಅದರ ಚಿಂತಿ ಬಿಡ್ರಿ. ಒಂದ ಮಾತು ನಡಿಸಿ ಕೊಡ್ರಿ ಮೇಡಂ. ಬಡದವರು ನೀವs ಅಂತ ಇರಲಿ. ನಾ ಕೇಳಿದ್ರೂ ಹಂಗs ಹೇಳ್ರಿ."

ಆಗಲಿ ಎಂದೆ. ಅದಾದ ಮೇಲೆ ಎರಡು ಸಲ ಅವರು ಫೋನಿನಲ್ಲಿ ಕೇಳಿದ್ದಾರೆ, ಎರಡು ಸಲವೂ ನಾನೇ ಬಡಿದೆ ಎಂದು ಹೇಳಿದ್ದೇನೆ. ಅವರು ಓದಲು ಬಾರದವರು ಎಂಬ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ, ಬಡಿದದ್ದು ನಾನಲ್ಲ.